ಅಜ್ಜಿ ನಡೆದ ಹಾದಿ: ಕಾಗೋಡಿನಿಂದ ಕುಂಸಿಯವರೆಗೆ

ಅಜ್ಜಿ ತೀರಿಕೊಂಡು ವರ್ಷದ ಎಡೆ ಮುಗಿದ ಮೇಲೆ ಅಮ್ಮ ಒಂದೇ ಮಾತು ಹೇಳಿದಳು. "ಅವ್ವ ಬಾಳಿದ ಊರನ್ನೆಲ್ಲ ಒಂದ್ಸಲ ನೋಡ್ಕಂಡು ಬರನ. ಮಳೆಗಾಲ ಹಿಡಿಯೋದ್ರೊಳಗೆ."

ಮಳೆಗಾಲದ ಮಾತು ಸುಮ್ನೆ ಬಂದಿದ್ದಲ್ಲ. ಅಜ್ಜಿ ಹುಟ್ಟಿದ ಊರು, ಮದುವೆಯಾಗಿ ಹೋದ ಊರು ಎರಡೂ ಶರಾವತಿ ಹಿನ್ನೀರಿನ ತಳದಲ್ಲಿವೆ. ಲಿಂಗನಮಕ್ಕಿ ಜಲಾಶಯದ ನೀರು ಚೆನ್ನಾಗಿ ಇಳಿದ ವರ್ಷ, ಬೇಸಿಗೆಯ ಕೊನೆಗೆ, ಆ ನೆಲದ ಸ್ವಲ್ಪ ಭಾಗ ಹೊರಗೆ ಬರುತ್ತದೆ. ಮುಂಗಾರು ಜೋರಾದರೆ ಮತ್ತೆ ಮುಳುಗುತ್ತದೆ. ಆ ವರ್ಷ ನೀರು ತುಂಬಾ ಇಳಿದಿತ್ತು. ಮೇ ತಿಂಗಳ ಒಂದು ಬುಧವಾರ ರಾತ್ರಿ ಅಮ್ಮ, ನಾನು ಬೆಂಗಳೂರಿನಲ್ಲಿ ತಾಳಗುಪ್ಪ ರೈಲು ಹತ್ತಿದೆವು.

ಗುರುವಾರ: ಕಾಗೋಡು

ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿದಾಗ ಮಾವ, ಮುಳುಗಡೆ ಆದಮೇಲೆ ಅಜ್ಜಿ ನೆಲೆಸಿದ್ದ ಕುಂಸಿ ಕಡೆಯಿಂದ ಜೀಪು ತಂದು ಕಾಯುತ್ತಿದ್ದರು. ಚಿಕ್ಕಮ್ಮನ ಮನೆಯಲ್ಲಿ ಸ್ನಾನ, ಹಲಸಿನ ಹಣ್ಣಿನ ಕಡುಬು. ಬಿಸಿಲು ಏರುವ ಮೊದಲೇ, ಅಜ್ಜಿ ಹುಡುಗಿಯಾಗಿದ್ದಾಗ ಓಡಾಡಿದ ಕಾಗೋಡಿಗೆ ಹೊರಟೆವು.

ಅಜ್ಜಿ ಹುಟ್ಟಿದ ತಾರೀಕು ಯಾರಿಗೂ ಗೊತ್ತಿಲ್ಲ. ಆಧಾರ್ ಕಾರ್ಡಿನಲ್ಲಿ ಜನವರಿ 1 ಅಂತ ಬರೆದಿದ್ದಾರೆ. ಅವಳು ವಯಸ್ಸು ಲೆಕ್ಕ ಹಾಕುತ್ತಿದ್ದದ್ದೇ ಬೇರೆ ಥರ. "ಮಡೆನೂರು ಡ್ಯಾಮಿನ ಕೆಲ್ಸ ಶುರು ಆದಾಗ ನಂಗೆ ಮಾತು ಬರ್ತಿತ್ತು. ಕಾಗೋಡು ಗಲಾಟೆ ಹೊತ್ತಿಗೆ ದೊಡ್ಡವಳಾಗಿದ್ದೆ. ಲಿಂಗನಮಕ್ಕಿ ನೀರು ಬರೋ ಹೊತ್ತಿಗೆ ಮೂರು ಮಕ್ಳು." ಇಷ್ಟು ಹೇಳಿದರೆ ನಮ್ಮ ಕಡೆ ಎಲ್ಲರಿಗೂ ಅರ್ಥ ಆಗುತ್ತದೆ. ಮಡೆನೂರಿನ ಕೆಲಸ ಶುರುವಾಗಿದ್ದು 1939ರಲ್ಲಿ. ಕಾಗೋಡು ಸತ್ಯಾಗ್ರಹ 1951. ಲಿಂಗನಮಕ್ಕಿ 1964. ಅಂದರೆ ಸತ್ಯಾಗ್ರಹದ ಹೊತ್ತಿಗೆ ಅಜ್ಜಿಗೆ ಹದಿನಾಲ್ಕೋ ಹದಿನೈದೋ ಇರಬೇಕು.

ಕಾಗೋಡು ಸಣ್ಣ ಊರು. ಗದ್ದೆ ಬಯಲು, ಅಂಚಿನಲ್ಲಿ ತೋಟ, ಅದರಾಚೆ ಕಾಡು. ಮೇ ತಿಂಗಳು ಅಲ್ವಾ, ಗದ್ದೆಯಲ್ಲಿ ಒಣಗಿದ ಕೂಳೆ ಮಾತ್ರ ಇತ್ತು. ಕರ್ನಾಟಕದ ಭೂಮಿ ಕಾನೂನಿನ ಕಥೆ ದೊಡ್ಡದಾಗಿ ಶುರುವಾಗಿದ್ದು ಈ ಗದ್ದೆಗಳಿಂದ ಅಂತ ಹೊಸಬರಿಗೆ ಹೇಳಿದರೆ ನಂಬುವುದು ಕಷ್ಟ. ಉಳುವವರು ನಮ್ಮ ದೀವರ ಸಮುದಾಯದವರು. ನೆಲ ಒಡೆಯರದ್ದು, ಅಂದರೆ ಜಮೀನ್ದಾರರದ್ದು. ಗೇಣಿ ಭತ್ತ ಅಳೆಯುವಾಗ ಒಡೆಯರ ಮನೆಯ ಕೊಳಗವೇ ಲೆಕ್ಕ, ಮತ್ತು ಆ ಕೊಳಗ ನ್ಯಾಯದ ಅಳತೆಗಿಂತ ದೊಡ್ಡದಿತ್ತು. ಎಚ್. ಗಣಪತಿಯಪ್ಪ ಗೇಣಿದಾರರನ್ನು ಸೇರಿಸಿ ರೈತ ಸಂಘ ಕಟ್ಟಿದರು. ಶಾಂತವೇರಿ ಗೋಪಾಲಗೌಡರು, ಸಮಾಜವಾದಿ ಪಕ್ಷದವರು ಜೊತೆಗೆ ನಿಂತರು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ರೈತರು ತಂಡ ತಂಡವಾಗಿ ಗದ್ದೆಗೆ ಇಳಿಯುವುದು, ಪೊಲೀಸರು ಹಿಡಿದುಕೊಂಡು ಹೋಗುವುದು. ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರೇ ಇಲ್ಲಿಗೆ ಬಂದರು, ಅವರನ್ನೂ ಬಂಧಿಸಿದರು.

ಅಜ್ಜಿಯ ಸೋದರತ್ತೆಯ ಮನೆ ಪಕ್ಕದ ಹಳ್ಳಿಯಲ್ಲಿ. ಈಗ ಅಲ್ಲಿ ಅತ್ತೆಯ ಮೊಮ್ಮಗ ಇದ್ದಾರೆ, ಅವರಿಗೇ ಅರವತ್ತು ದಾಟಿದೆ. ನಾವು ಬಂದ ಕಾರಣ ಕೇಳಿದವರೇ ಅಟ್ಟ ಹತ್ತಿ ಒಂದು ಹಳೇ ಕೊಳಗ ಇಳಿಸಿದರು. ಮರದ್ದು, ಬಾಯಿಗೆ ಕಬ್ಬಿಣದ ಪಟ್ಟಿ. ಒಳಗೆ ಕೈ ಹಾಕಿದರೆ ಭತ್ತ ಉಜ್ಜಿ ಉಜ್ಜಿ ಗೋಡೆ ನಯವಾಗಿದೆ. ತಳದ ಹತ್ತಿರ ಮಾತ್ರ ಒರಟು. ಇದು ಮನೆ ಅಳತೆಯದ್ದು, ಒಡೆಯರದ್ದಲ್ಲ. "ಅವ್ರದ್ದು ಇದಕ್ಕಿಂತ ಇಷ್ಟು ಎತ್ರ ಇತ್ತಂತೆ" ಅಂತ ಬಾಯಿಯ ಮೇಲೆ ಬೆರಳು ಇಟ್ಟು ತೋರಿಸಿದರು. ಎರಡು ಬೆರಳು. ನೂರು ಕೊಳಗ ಅಳೆಯುವಾಗ ಆ ಎರಡು ಬೆರಳು ಎಷ್ಟಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ.

ಅಜ್ಜಿಯ ಕೆಲಸ ಏನಿತ್ತು ಅಂದರೆ ರೊಟ್ಟಿ ಸಾಗಿಸುವುದು. ಅತ್ತೆ ರಾತ್ರಿಯೆಲ್ಲ ಅಕ್ಕಿ ರೊಟ್ಟಿ ತಟ್ಟುತ್ತಿದ್ದರು. ಬೆಳಗಿನ ಜಾವ ಅಜ್ಜಿ ಬುಟ್ಟಿ ಹೊತ್ತು ತೋಟದ ಅಗಳಿನಲ್ಲಿ ಇಳಿದು, ಕಾಡಿನ ಕಾಲುದಾರಿಯಲ್ಲಿ ಸತ್ಯಾಗ್ರಹಿಗಳು ಇದ್ದಲ್ಲಿಗೆ ಮುಟ್ಟಿಸುತ್ತಿದ್ದಳು. ಪೊಲೀಸರು ಸಿಕ್ಕರೆ? "ಅಕ್ಕನ್ನ ಹೆರಿಗೆಗೆ ಕರ್ಕಬಂದಾರೆ, ಆ ಮನಿಗೆ ಹೋಗದು ಅಂತಿದ್ದೆ. ಹೆರಿಗೆ ಅಂದ್ರೆ ಯಾರೂ ತಡೀತಿರ್ಲಿಲ್ಲ." ಮುಂದೆ ನಿಜವಾಗಿಯೂ ಸೂಲಗಿತ್ತಿಯಾಗಿ ಮನೆ ಮನೆ ತಿರುಗಿದ ಹೆಂಗಸು ಇದನ್ನು ಹೇಳುವಾಗ ಮುಖ ಅರಳುತ್ತಿತ್ತು.

ಒಡೆಯರ ಎದುರು ಗಂಡಸರು ಪಂಚೆಯನ್ನು ಮೊಣಕಾಲಿಗಿಂತ ಕೆಳಗೆ ಬಿಡುವಂತಿರಲಿಲ್ಲ ಅಂತಲೂ ಅಜ್ಜಿ ಹೇಳುತ್ತಿದ್ದಳು. ಸತ್ಯಾಗ್ರಹ ಮುಗಿದ ಮೇಲೆ ಅವಳ ಅಪ್ಪ ಸಾಗರದ ಸಂತೆಗೆ ಪಾದ ಮುಚ್ಚುವ ಹಾಗೆ ಪಂಚೆ ಉಟ್ಟು ಹೋದರಂತೆ. ಬಾಕಿ ಎಲ್ಲ ಪುಸ್ತಕಗಳಲ್ಲಿದೆ. ಆ ಪಂಚೆಯ ಮಾತು ನನಗೆ ಅಜ್ಜಿಯಿಂದ ಮಾತ್ರ ಸಿಕ್ಕಿದ್ದು, ಅದಕ್ಕೇ ಬರೆದಿಡುತ್ತಿದ್ದೇನೆ.

ಶುಕ್ರವಾರ: ಮಡೆನೂರು

ಹೊಳೆಬಾಗಿಲು ರಸ್ತೆಯಲ್ಲಿ ಹೋಗಿ, ಹಳ್ಳಿ ದಾರಿಗೆ ತಿರುಗಿ, ಒಂದು ಕಡೆ ಜೀಪು ನಿಲ್ಲಿಸಿ ನಡೆಯಲು ಶುರು ಮಾಡಿದೆವು. ಕಾಡು ಒಮ್ಮೆಲೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಒಂದೂ ಹಸಿರಿಲ್ಲ. ಕೆಂಪು ಮಣ್ಣು, ಬಿರುಕು ಬಿಟ್ಟ ಕೆಸರು, ಮತ್ತೆ ಬೊಡ್ಡೆಗಳು. ಸಾವಿರಾರು ಮರದ ಬೊಡ್ಡೆಗಳು, ಬೇರು ಸಮೇತ ಕರಿಕಟ್ಟಿ ನಿಂತಿವೆ. ಅರವತ್ತು ವರ್ಷದ ಹಿಂದೆ ಕಡಿದ ಮರ. ವರ್ಷದಲ್ಲಿ ಹೆಚ್ಚು ಕಾಲ ನೀರಿನಡಿ ಇದ್ದೂ ಕೊಳೆತಿಲ್ಲ.

ಅಮ್ಮ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಳು. "ಬಿಸಿಲಲ್ಲಿ ಕಾಲು ಸುಡ್ತದೆ" ಅಂದೆ. "ಅವ್ವ ಬರಿಗಾಲಲ್ಲೇ ಓಡಾಡಿದ ಜಾಗ" ಅಂದಳು. ನಾನು ಮುಂದೆ ಏನೂ ಹೇಳಲಿಲ್ಲ.

ಸ್ವಲ್ಪ ದೂರ ಹೋದ ಮೇಲೆ ಅಣೆಕಟ್ಟು ಕಂಡಿತು. ಸರ್ಕಾರದ ಕಾಗದದಲ್ಲಿ ಹಿರೇಭಾಸ್ಕರ, ಜನರ ಬಾಯಲ್ಲಿ ಮಡೆನೂರು ಡ್ಯಾಮು. ಮೈಸೂರು ಮಹಾರಾಜರ ಕಾಲದಲ್ಲಿ ಜೋಗದ ವಿದ್ಯುತ್ ಕೇಂದ್ರಕ್ಕೆ ನೀರು ಒದಗಿಸಲು ಕಟ್ಟಿದ್ದು. ಆಮೇಲೆ ಇದರ ಕೆಳಗಡೆ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾದ ಲಿಂಗನಮಕ್ಕಿ ಬಂತು, ಅಣೆಕಟ್ಟೇ ಅಣೆಕಟ್ಟಿನ ನೀರಲ್ಲಿ ಮುಳುಗಿತು. ಕಟ್ಟಿ ಇಪ್ಪತ್ತು ವರ್ಷವೂ ಆಗಿರಲಿಲ್ಲ.

ಹತ್ತಿರ ಹೋಗಿ ನೋಡಿದರೆ ಕಲ್ಲಿನ ಕೆಲಸ ಅಷ್ಟು ಗಟ್ಟಿ. ಸಂದಿನ ಗಾರೆ ಉಗುರಿನಿಂದ ಕೆರೆದರೂ ಉದುರುವುದಿಲ್ಲ. ಇಲ್ಲಿನ ವಿಶೇಷ ಸೈಫನ್‌ಗಳು, ಅಂದರೆ ಹೆಚ್ಚಾದ ನೀರನ್ನು ತಾನಾಗೇ ಹೊರಹಾಕುವ ಕೊಳವೆಗಳು. ಮೈಸೂರಿನ ಇಂಜಿನಿಯರ್ ಗಣೇಶ್ ಅಯ್ಯರ್ ಅವರು ರೂಪಿಸಿದ ಮಾದರಿ, ಮಾರ್ಕೋನಹಳ್ಳಿ ಅಣೆಕಟ್ಟಿನಲ್ಲೂ ಇದೆ. ದೊಡ್ಡ ದುಂಡು ಬಾವಿಯ ಮೇಲೆ ಗುಮ್ಮಟ ಕೂರಿಸಿದ ಹಾಗೆ ಕಾಣುತ್ತದೆ. ನೀರು ಒಂದು ಮಟ್ಟ ದಾಟಿದರೆ ಬಾವಿಯ ಅಂಚಿನಿಂದ ಒಳಗೆ ಸುತ್ತುತ್ತಾ ಇಳಿಯುತ್ತದೆ, ಒಳಗಿನ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ, ಆಮೇಲೆ ತಾನಾಗೇ ಭರದಿಂದ ಹೊರಗೆ ಹರಿಯುತ್ತದೆ. ಗೇಟಿಲ್ಲ, ಎತ್ತಲು ಇಳಿಸಲು ಆಳೂ ಬೇಡ. ನೀರು ಇಳಿದರೆ ಗಾಳಿ ನುಗ್ಗಿ ನಿಲ್ಲುತ್ತದೆ. ಅಂಥ ತಲೆ, ಅಂಥ ಕೈಕೆಲಸ ನೋಡಿ ಗೌರವ ಬಂತು. ಅದೇ ಹೊತ್ತಿಗೆ ಈ ಗೋಡೆ ಎದ್ದಿದ್ದರಿಂದಲೇ ಅಜ್ಜಿ ಹುಟ್ಟಿದ ಮನೆ ಹೋಯಿತು ಅನ್ನುವುದೂ ಗೊತ್ತಿತ್ತು. ಎರಡೂ ನಿಜ.

ಅಜ್ಜಿಯ ತವರು ಇಲ್ಲಿಂದ ಮೇಲಕ್ಕೆ, ಹೊಳೆಯ ದಂಡೆಯಲ್ಲಿತ್ತು. ಅಲ್ಲಿಗೆ ಹೋಗಲು ಕೆಸರು ಬಿಡಲಿಲ್ಲ. ಮೊದಲ ಮುಳುಗಡೆಗೆ ಅವರ ಮನೆಯವರು ಎತ್ತಿನ ಗಾಡಿಯಲ್ಲಿ ಹೊರಟಾಗ ಅವಳಿಗೆ ಹತ್ತು ವರ್ಷದ ಹತ್ತಿರ. ಗಾಡಿಯಲ್ಲಿ ಭತ್ತದ ಮೂಟೆ, ಪಾತ್ರೆ, ಮುದುಕರು. ಮಕ್ಕಳೆಲ್ಲ ನಡಿಗೆ. ಅವಳ ಪಾಲಿಗೆ ಬಂದಿದ್ದು ಎರಡು ಹೇಂಟೆ ಮತ್ತು ಒಂದು ಸಣ್ಣ ಕಲ್ಲು. ಕಲ್ಲು ಅಂದರೆ ಮನೆಯ ಹಿಂದಿನ ಚೌಡಿ. ಬುಡದಿಂದ ಎಬ್ಬಿಸಿ, ಹೊಸ ಬಟ್ಟೆಯಲ್ಲಿ ಸುತ್ತಿ, ದಾರಿಯಲ್ಲಿ ಎಲ್ಲೂ ನೆಲಕ್ಕೆ ಇಡಬಾರದು ಅಂತ ಹೇಳಿ ಕೊಟ್ಟಿದ್ದರಂತೆ. ಇಟ್ಟ ಜಾಗದಲ್ಲೇ ದೇವರು ನೆಲೆಯಾಗುತ್ತದೆ ಅಂತ ನಂಬಿಕೆ. ಅವಳು ಬಾಯಾರಿ ನೀರು ಕುಡಿಯುವಾಗಲೂ ಕಲ್ಲನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದಳು. ಹೇಂಟೆಗಳಲ್ಲಿ ಒಂದು ತಪ್ಪಿಸಿಕೊಂಡಿತು. ಚೌಡಿ ಮಾತ್ರ ಊರು ಮುಟ್ಟಿತು.

ಅಪ್ಪೆಮಿಡಿ ಮರಗಳ ಮಾತಿಲ್ಲದೆ ಮಡೆನೂರಿನ ಕಥೆ ಪೂರ್ತಿ ಆಗುವುದಿಲ್ಲ. ಹೊಳೆ ದಂಡೆಯ ಒಂದೊಂದು ಮಾವಿನ ಮರದ ಮಿಡಿಗೂ ಒಂದೊಂದು ಪರಿಮಳ. ಅಜ್ಜಿಗೆ ಯಾವ ಮರ ಎಲ್ಲಿತ್ತು, ಯಾವುದರ ಸೊನೆ ಹೇಗಿತ್ತು, ಯಾವುದು ಉಪ್ಪಿನಲ್ಲಿ ಹಾಕಿದರೆ ಮೂರು ವರ್ಷ ಕೆಡುತ್ತಿರಲಿಲ್ಲ, ಎಲ್ಲ ನೆನಪಿತ್ತು. ಎಂಬತ್ತು ದಾಟಿದ ಮೇಲೂ ಹೊಸ ಮಿಡಿ ಕೈಗೆ ಸಿಕ್ಕರೆ ತೊಟ್ಟು ಮುರಿದು ಮೂಸಿ, "ಇದು ಆ ಮರದ್ದಲ್ಲ" ಅನ್ನುತ್ತಿದ್ದಳು. ಮರ ಮುಳುಗಿ ಅರ್ಧ ಶತಮಾನ ದಾಟಿತ್ತು. ಆದರೂ ಹುಡುಕುವುದು ಬಿಡಲಿಲ್ಲ.

ಶನಿವಾರ: ಹೊಳೆಯಾಚೆ

ಅಂಬಾರಗೋಡ್ಲು ದಡದಲ್ಲಿ ಲಾಂಚಿಗೆ ಕಾದೆವು. ಪಕ್ಕದಲ್ಲೇ ಹೊಸ ಸೇತುವೆಯ ಕಂಬಗಳು, ಕ್ರೇನು, ಕಾರ್ಮಿಕರ ಹೆಲ್ಮೆಟ್ಟು. ಸೇತುವೆ ಆಗಿನ್ನೂ ಮುಗಿದಿರಲಿಲ್ಲ. 2025ರ ಜುಲೈನಲ್ಲಿ ಉದ್ಘಾಟನೆ ಆಯಿತು. ನೀರು ಕಡಿಮೆ ಅಂತ ಲಾಂಚಿನಲ್ಲಿ ವಾಹನ ಹಾಕಿಕೊಳ್ಳುತ್ತಿರಲಿಲ್ಲ, ಜನ ಮಾತ್ರ. ಜೀಪು ಈಚೆ ಬಿಟ್ಟೆವು. ಸಿಗಂದೂರು ಚೌಡೇಶ್ವರಿಗೆ ಹೋಗುವ ಭಕ್ತರ ಮಧ್ಯೆ ನಮ್ಮ ಕಡೆಯವರೂ ಇದ್ದರು. ಅಕ್ಕಿ ಚೀಲ, ಗ್ಯಾಸ್ ಸಿಲಿಂಡರ್, ಆಸ್ಪತ್ರೆಯಿಂದ ವಾಪಸ್ ಹೊರಟ ಒಬ್ಬ ಅಜ್ಜ.

ಲಿಂಗನಮಕ್ಕಿಯಿಂದ ಮುಳುಗಿದವರ ಬಗ್ಗೆ ಅಷ್ಟಿಷ್ಟು ಬರೆದಿದ್ದಾರೆ. ಮುಳುಗದೆ ಉಳಿದವರ ಕಷ್ಟ ಬೇರೆ. ಸುಮಾರು 300 ಚದರ ಕಿಲೋಮೀಟರ್ ನೀರು ನಿಂತ ಮೇಲೆ ತುಮರಿ, ಕರೂರು, ಬಾರಂಗಿ ಕಡೆಯ ಹಳ್ಳಿಗಳು ನಡುಗಡ್ಡೆಯ ಹಾಗಾದವು. ತಾಲ್ಲೂಕು ಕೇಂದ್ರ ಸಾಗರಕ್ಕೆ ಬರಲು ಅರವತ್ತು ವರ್ಷ ಲಾಂಚೇ ಗತಿ. ಸಂಜೆ ಕೊನೆಯ ಲಾಂಚು ಹೋದ ಮೇಲೆ ಹೆರಿಗೆ ನೋವು ಶುರುವಾದರೆ, ಹಾವು ಕಚ್ಚಿದರೆ, ಏನು ಮಾಡುವುದು? ಸೂಲಗಿತ್ತಿಗೆ ಇಲ್ಲಿ ಅಷ್ಟು ಬೆಲೆ ಇದ್ದದ್ದು ಅದಕ್ಕೇ. ಅಜ್ಜಿ ಆ ವಿದ್ಯೆ ಕಲಿತಿದ್ದು ಈ ಸೀಮೆಯಲ್ಲೇ, ಅತ್ತೆಯ ಹಿಂದೆ ಲಾಟೀನು ಹಿಡಿದುಕೊಂಡು ತಿರುಗಿ.

ತುಮರಿಯ ಹತ್ತಿರದ ಒಂದು ಹಳ್ಳಿಯಲ್ಲಿ ಅಜ್ಜಿಯ ನಾದಿನಿ ಇದ್ದಾರೆ. ಅವರಿದ್ದ ಊರು ಎತ್ತರದಲ್ಲಿತ್ತು, ಮುಳುಗಲಿಲ್ಲ. ಕಿವಿ ಮಂದ, ಕಣ್ಣು ಚುರುಕು. ಅಮ್ಮನನ್ನು ನೋಡಿದ ಕೂಡಲೇ, "ಅವ್ಳ ಥರಾನೇ ನಡೀತೀಯಲ್ಲೇ!" ಅಂದರು. ಗೋಡೆಯ ಮೇಲೆ ಹಸೆ ಚಿತ್ತಾರ ಇತ್ತು. ಮೊಮ್ಮಗನ ಮದುವೆಗೆ ಬರೆದಿದ್ದು, ಇನ್ನೂ ಮಾಸಿಲ್ಲ. ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಅಕ್ಕಿ ಅರೆದ ಬಿಳಿ ಗೆರೆ. ಅಕ್ಕಿ ಸುಟ್ಟು ಮಾಡಿದ ಕಪ್ಪು. ಗುರಿಗೆ ಕಾಯಿಯ ಹಳದಿ. ಕುಂಚ ಅಂದರೆ ಪುಂಡಿ ನಾರು, ಅಷ್ಟೇ. ಗೆರೆಗಳು ಕೂದಲೆಳೆಯಷ್ಟು ಸಣ್ಣ, ಒಂದರ ಪಕ್ಕ ಒಂದು, ಎಲ್ಲೂ ಕೂಡಿಕೊಂಡಿಲ್ಲ. ಹತ್ತಿರ ಹೋಗಿ ನೋಡಿದೆ. ಕೈ ತಡೆದು ಮತ್ತೆ ಶುರು ಮಾಡಿದ ಗುರುತು ಒಂದು ಕಡೆಯೂ ಸಿಗಲಿಲ್ಲ.

"ನಿಮ್ಮಜ್ಜಿ ಇದಕ್ಕಿಂತ ಚೆನ್ನಾಗಿ ಎಳೀತಿದ್ಲು" ಅಂದರು ಆ ಅಜ್ಜಿ. "ಭೂಮಿ ಹುಣ್ಣಿಮೆಗೆ ಅವ್ಳ ಭೂಮಣ್ಣಿ ಬುಟ್ಟಿ ನೋಡಾಕೆ ಬೇರೆ ಮನೆಯೋರು ಬರ್ತಿದ್ರು." ಭೂಮಿ ಹುಣ್ಣಿಮೆ ದೀವರ ದೊಡ್ಡ ಹಬ್ಬ. ಭತ್ತ ಹೊಡೆ ಕಟ್ಟುವ ಹೊತ್ತು, ಅಂದರೆ ಭೂಮಿತಾಯಿ ಬಸುರಿ. ರಾತ್ರಿಯೆಲ್ಲ ಅಡುಗೆ ಮಾಡಿ, ಚಿತ್ತಾರ ಬರೆದ ಬುಟ್ಟಿಯಲ್ಲಿ ತುಂಬಿ, ನಸುಕಿನಲ್ಲಿ ಗದ್ದೆಗೆ ಹೋಗಿ ಬಯಕೆಯ ಊಟ ಬಡಿಸುತ್ತೇವೆ. ಅಜ್ಜಿ ಹೆರಿಗೆ ಮಾಡಿಸುವಾಗಲೂ ಬಸುರಿ ಹೆಂಗಸಿಗೆ ಮೊದಲು ಕೇಳುತ್ತಿದ್ದದ್ದು, "ಏನ್ ತಿನ್ಬೇಕು ಅನ್ಸ್ತದೆ?"

ಬಾಗಿಲಿನ ಕಥೆಯನ್ನು ಪೂರ್ತಿ ಕೇಳಿದ್ದು ಇಲ್ಲೇ. ಕುಂಸಿ ಮನೆಯ ಹಲಸಿನ ಮರದ ದೊಡ್ಡ ಬಾಗಿಲು ಹಳೇ ಊರಿನದ್ದು ಅಂತ ಗೊತ್ತಿತ್ತು. ಬಂದದ್ದು ಹೇಗೆ ಅಂತ ಗೊತ್ತಿರಲಿಲ್ಲ. ಊರು ಬಿಡುವಾಗ ಅದನ್ನು ಕೀಳಲು ಹೊತ್ತು ಸಿಗಲಿಲ್ಲ. ಮಳೆಗಾಲ ಶುರುವಾಗಿ ನೀರು ಏರುತ್ತಿದೆ ಅಂತ ಸುದ್ದಿ ಬಂದಾಗ ಅಜ್ಜಿ ಕೈಗೂಸನ್ನು ಅಕ್ಕನ ಹತ್ತಿರ ಬಿಟ್ಟು ವಾಪಸ್ ಬಂದಳು. ಅಜ್ಜ ಜ್ವರ ಹಿಡಿದು ಮಲಗಿದ್ದರು. ನಾದಿನಿಯ ಗಂಡ ದೋಣಿ ತಂದರು. ಅಂಗಳ ಮುಳುಗಿ, ಜಗಲಿ ಮುಳುಗಿ, ಬಾಗಿಲಿನ ಅರ್ಧಕ್ಕೆ ನೀರು ನಿಂತಿತ್ತು. ಅಜ್ಜಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನೀರಿಗಿಳಿದಳು. ಕೊಡಲಿಯ ಹಿಂಬದಿಯಿಂದ ಕೀಲು ಬಡಿದು ಬಾಗಿಲು ಬಿಡಿಸಿದಳು. ದೋಣಿಗೆ ಹಾಕಲು ಆಗಲಿಲ್ಲ, ಅಷ್ಟು ಭಾರ. ಹಿಂದೆ ಕಟ್ಟಿ ತೇಲಿಸಿಕೊಂಡು ದಡ ಸೇರಿಸಿದರು.

"ಭಯ ಆಗ್ಲಿಲ್ವಾ ಅಂತ ಕೇಳ್ದೆ" ಅಂದರು ನಾದಿನಿ ಅಜ್ಜಿ. "ಬಾಗ್ಲಿಲ್ದೆ ಮಕ್ಳನ್ನ ಹೆಂಗೆ ಮಲಗಿಸ್ಲಿ ಅಂದ್ಲು."

ಸಂಜೆಯ ಲಾಂಚಿನಲ್ಲಿ ಅಮ್ಮ ನೀರನ್ನೇ ನೋಡುತ್ತಿದ್ದಳು. ಅಕ್ಕನ ಹತ್ತಿರ ಬಿಟ್ಟ ಆ ಕೈಗೂಸು ಅವಳೇ.

ಭಾನುವಾರ: ಜೋಗ

ಜೋಗದಲ್ಲಿ ಹೆಚ್ಚು ಹೊತ್ತು ಕಳೆಯಲಿಲ್ಲ. ಮೇ ತಿಂಗಳಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಸೊರಗಿರುತ್ತವೆ. 253 ಮೀಟರ್ ಬಂಡೆ ಬರಿದಾಗಿ ಕಾಣುತ್ತಿತ್ತು, ಅದರ ಮೇಲೆ ಸಣ್ಣ ಗೆರೆ ನೀರು. ಲಿಂಗನಮಕ್ಕಿ ಅಣೆಕಟ್ಟನ್ನು ದೂರದಿಂದ ನೋಡಿದೆವು.

ಶರಾವತಿ ವಿದ್ಯುತ್ ಕೇಂದ್ರದ ಸಾಮರ್ಥ್ಯ 1035 ಮೆಗಾವ್ಯಾಟ್. ಎಷ್ಟೋ ವರ್ಷ ಕರ್ನಾಟಕದ ಊರುಗಳು, ಬೆಂಗಳೂರಿನ ಕಾರ್ಖಾನೆಗಳು ಹೆಚ್ಚಾಗಿ ಈ ಹೊಳೆಯನ್ನೇ ನಂಬಿದ್ದವು. ಅಜ್ಜಿಯ ಕುಂಸಿ ಮನೆಗೆ ಕರೆಂಟು ಬಂದಿದ್ದು ಅಮ್ಮ ಹೈಸ್ಕೂಲು ಮುಗಿಸಿದ ಮೇಲೆ. ಅಲ್ಲಿಯವರೆಗೆ ಅಮ್ಮ ಓದಿದ್ದು ಸೀಮೆಎಣ್ಣೆ ಬುಡ್ಡಿಯಲ್ಲಿ. ನನಗೆ ಇದು ಇವತ್ತಿಗೂ ಸಹಿಸಲು ಆಗುವುದಿಲ್ಲ. ಅಜ್ಜಿಗೆ ಮಾತ್ರ ಹೊಳೆಯ ಮೇಲೆ ಯಾವತ್ತೂ ಸಿಟ್ಟಿರಲಿಲ್ಲ. ಅವಳ ಸಿಟ್ಟೆಲ್ಲ ಕಾಗದದ ಮೇಲೆ. ಅದರ ಕಥೆ ಮುಂದಿದೆ.

ಸೋಮವಾರ: ಆನಂದಪುರ, ಕುಂಸಿ

ಸಾಗರದಿಂದ ಆನಂದಪುರ, ಅಲ್ಲಿಂದ ಕುಂಸಿ. ಹೆದ್ದಾರಿಯಲ್ಲಿ ಜೀಪಿಗೆ ಎರಡು ಗಂಟೆಯೂ ಬೇಡ. ಇದೇ ದಾರಿಯಲ್ಲಿ ಅಜ್ಜಿ ದನ ಹೊಡೆದುಕೊಂಡು ನಡೆದಿದ್ದಳು.

ನೂರಕ್ಕೂ ಜಾಸ್ತಿ ಹಳ್ಳಿಯ ಜನರನ್ನು ಎಬ್ಬಿಸಿದಾಗ ತುಂಬಾ ಜನರನ್ನು ಲಾರಿಗಳಲ್ಲಿ ತುಂಬಿ ಶಿವಮೊಗ್ಗ ಕಡೆಯ ಕಾಡಿಗೆ ತಂದು ಇಳಿಸಿದರು. ಲಾರಿಯಲ್ಲಿ ಮನುಷ್ಯರಿಗೆ, ಪಾತ್ರೆಗಳಿಗೆ ಜಾಗ ಇತ್ತು. ದನಕ್ಕೆ ಇರಲಿಲ್ಲ. ಎಷ್ಟೋ ಮನೆಯವರು ಹಗ್ಗ ಬಿಚ್ಚಿ ದನಗಳನ್ನು ಕಾಡಿಗೆ ಬಿಟ್ಟು ಬಂದರು. ಅವು ಖಾಲಿ ಕೊಟ್ಟಿಗೆಗೆ ಸಂಜೆ ಬಂದು ನಿಲ್ಲುತ್ತಿದ್ದವು ಅಂತ ಅಜ್ಜಿ ಹೇಳುವಾಗ ಅವಳ ದನಿ ಒಡೆಯುತ್ತಿತ್ತು. ಅವಳು ಬಿಡಲಿಲ್ಲ. ಅಜ್ಜನನ್ನೂ ಮಕ್ಕಳನ್ನೂ ಲಾರಿ ಹತ್ತಿಸಿ, ತಾನು, ಪಕ್ಕದ ಮನೆಯ ಹುಡುಗ ಒಬ್ಬ, ಇಬ್ಬರೇ ದನಗಳ ಹಿಂದೆ ಹೊರಟರು. ಆ ಹುಡುಗ ಈಗ ಎಪ್ಪತ್ತೆಂಟರ ಅಜ್ಜ, ಕುಂಸಿಯ ಆಚೆ ನಮ್ಮ ಮುಳುಗಡೆ ಊರಿನಲ್ಲೇ ಇದ್ದಾರೆ.

ಊರು ಮುಟ್ಟಿದಾಗ ಮಧ್ಯಾಹ್ನ. ಮೊದಲು ಬಾಗಿಲು ನೋಡಿದೆ. ಎಷ್ಟು ಸಲ ದಾಟಿದ್ದೇನೋ ಏನೋ, ಇವತ್ತು ಬಗ್ಗಿ ನೋಡಿದೆ. ನನ್ನ ಸೊಂಟದ ಎತ್ತರದಲ್ಲಿ ಒಂದು ಗೆರೆ. ಕೆಳಗಿನ ಮರ ಕಪ್ಪು, ಮೇಲಿನದ್ದು ಜೇನು ಬಣ್ಣ. ಬಲಗಡೆ ಕೀಲಿನ ಹತ್ತಿರ ಕೊಡಲಿ ಬಡಿದ ನಾಲ್ಕೈದು ಜಜ್ಜು.

ಮಾವ ಕಬ್ಬಿಣದ ಪೆಟ್ಟಿಗೆ ತೆಗೆದರು. ಅಜ್ಜಿಯ ಕಾಗದಗಳು. ಮುಳುಗಡೆಯವರಿಗೆ ಕೊಟ್ಟ ನೆಲ ಕಾಗದದ ಮೇಲೆ ಅರಣ್ಯ ಅಂತಲೇ ಉಳಿದು, ಎಷ್ಟೋ ಕುಟುಂಬಗಳು ಹಕ್ಕುಪತ್ರಕ್ಕಾಗಿ ಇವತ್ತಿಗೂ ಹೋರಾಡುತ್ತಿವೆ. ಮೊದಲೇ ನಮ್ಮದು ಗೇಣಿ ಜಮೀನು, ಪರಿಹಾರದಲ್ಲಿ ದೊಡ್ಡ ಪಾಲು ಒಡೆಯರಿಗೆ ಹೋಯಿತು ಅಂತ ಅಜ್ಜಿ ಹೇಳುತ್ತಿದ್ದಳು. 1974ರಲ್ಲಿ ಉಳುವವನೇ ಹೊಲದೊಡೆಯ ಕಾನೂನು ಜಾರಿಗೆ ಬಂದಾಗ ಕಾಗೋಡಿನ ಕಡೆ ಅವಳ ಅಣ್ಣಂದಿರಿಗೆ ಗದ್ದೆ ಸಿಕ್ಕಿತು. ಅವಳು ಉಳುತ್ತಿದ್ದ ಗದ್ದೆ ಮಾತ್ರ ಅಷ್ಟೊತ್ತಿಗೆ ಹತ್ತು ವರ್ಷದಿಂದ ನೀರಿನಡಿ ಇತ್ತು.

ಪೆಟ್ಟಿಗೆಯಲ್ಲಿ ಅರ್ಜಿಗಳ ನಕಲು, ಸ್ವೀಕೃತಿ ಚೀಟಿ, ಮಡಚಿ ಮಡಚಿ ಹರಿದ ಒಂದು ನಕ್ಷೆ. ಹಳೇ ಅರ್ಜಿಗಳಿಗೆಲ್ಲ ಹೆಬ್ಬೆಟ್ಟು. 1987ರಿಂದ ಈಚೆಯವಕ್ಕೆ ಸಹಿ. ಆ ವರ್ಷದ ಜನವರಿಯಲ್ಲಿ ಮಂಡಲ ಪಂಚಾಯಿತಿ ಚುನಾವಣೆ ನಡೆಯಿತು, ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲು. ಊರಿನವರು ಅಜ್ಜಿಯನ್ನು ನಿಲ್ಲಿಸಿದರು. ಸುತ್ತಲಿನ ಅರ್ಧ ಮತದಾರರ ಮಕ್ಕಳು ಅವಳ ಕೈಯಲ್ಲೇ ಹುಟ್ಟಿದ್ದು, ಇನ್ಯಾರಿಗೆ ಹಾಕುತ್ತಾರೆ? ಗೆದ್ದ ಮೇಲೆ ಅಮ್ಮನ ಹತ್ತಿರ ಕೂತು ಸ್ಲೇಟಿನಲ್ಲಿ ಹೆಸರು ಬರೆಯಲು ಕಲಿತಳು. ಚಿತ್ತಾರ ಎಳೆದ ಕೈ ಅಲ್ವಾ, ಅಕ್ಷರ ದುಂಡಗೆ, ಸಾಲಾಗಿ ಕೂತಿವೆ. ಬೇಗ ಕಲಿತಳಂತೆ. ಬಾವಿ, ಶಾಲೆಯ ಎರಡನೇ ಕೋಣೆ, ಊರೊಳಗೆ ಬಸ್ಸು, ಮೂರನ್ನೂ ಅವಳು ಆ ಅವಧಿಯಲ್ಲಿ ತಂದಳು. ಮಾವನ ಪ್ರಕಾರ ಬಸ್ಸಿಗಾಗಿ ಕಚೇರಿಯ ಮೆಟ್ಟಿಲ ಮೇಲೆ ಊಟ ಕಟ್ಟಿಕೊಂಡು ಹೋಗಿ ಕೂರುತ್ತಿದ್ದಳು. ಅರವತ್ತು ದಾಟಿದ ಮೇಲೆ ಕಾಶಿಗೆ ಹೋಗಿ ಬಂದಳು. ಎಪ್ಪತ್ತರಲ್ಲಿ ಕೊಡಚಾದ್ರಿ ಹತ್ತಿದಳು, ಜೀಪಿನಲ್ಲಿ ಅಲ್ಲ, ಕಾಲ್ನಡಿಗೆಯಲ್ಲಿ.

ಸಂಜೆ ದನದ ಜೊತೆ ನಡೆದ ಅಜ್ಜ ಬಂದರು. ಎಷ್ಟು ರಾತ್ರಿ ಹಿಡಿಯಿತು ಅಂತ ಅಮ್ಮನಿಗೂ ಮಾವನಿಗೂ ಯಾವಾಗಲೂ ಜಗಳ. ಅಮ್ಮ ನಾಲ್ಕು ಅನ್ನುತ್ತಾಳೆ, ಮಾವ ಆರು.

"ಐದು" ಅಂದರು ಅಜ್ಜ. "ಹೊಳೆ ಕಡವಲ್ಲಿ ದನ ಈಜಿಸಿದ್ದು ಮೊದಲ್ನೇ ದಿನ. ಕರುಗಳನ್ನ ನಾನು ದೋಣಿಲಿ ಹಿಡ್ಕಂಡಿದ್ದೆ. ಅವ್ಳು ಹಿರೀ ಎಮ್ಮೆ ಬಾಲ ಹಿಡ್ಕಂಡು ನೀರಲ್ಲೇ ಬಂದ್ಲು. ಸಾಗರದ ಈಚೆ ಒಂದು ಕಣದಲ್ಲಿ ಮಲಗಿದ್ವಿ. ಆನಂದಪುರದಲ್ಲಿ ದೇವಸ್ಥಾನದ ಹೊರಗೆ. ಆಮೇಲೆ ಎರಡು ರಾತ್ರಿ ಕಾಡು. ಬೆಂಕಿ ಹಾಕಿ ಸುತ್ತ ದನ ಕೂಡ್ಸಿ ನಡುವೆ ನಾವು. ಹುಲಿ ಕೂಗ್ತು. ನಂಗೆ ಅಳು ಬಂತು. ಅವ್ಳು ನಂಗೆ ಬೆಲ್ಲ ಕೊಟ್ಟು, ದನಗಳ ಹೆಸ್ರೆಲ್ಲ ಹೇಳು ನೋಡನ ಅಂದ್ಲು. ಹೇಳ್ತಾ ಹೇಳ್ತಾ ನಿದ್ದೆ ಬಂತು."

"ಎಷ್ಟು ದನ ಇದ್ವು ಅಜ್ಜ?" ಅಂತ ಕೇಳಿದೆ.

"ಹೊರಟಾಗ ಹದಿನಾಲ್ಕು. ಮುಟ್ಟಿದಾಗ ಹದಿನೈದು. ಕೌಲಿ ದಾರೀಲಿ ಕರು ಹಾಕ್ತು. ಕರು ಅಡ್ಡ ಇತ್ತು, ನಿಮ್ಮಜ್ಜಿ ಕೈ ಹಾಕಿ ತಿರುಗ್ಸಿ ತೆಗೆದ್ಲು. ಅದನ್ನ ಹೆಗಲ ಮೇಲೆ ಹಾಕ್ಕಂಡು ಬಂದಿದ್ದು ನಾನು."

ಅಮ್ಮನಿಗೆ ಈ ಕರುವಿನ ವಿಷಯ ಗೊತ್ತೇ ಇರಲಿಲ್ಲ. ಮಾವನಿಗೂ ಇಲ್ಲ. ನಾನು ಪುಸ್ತಕ, ಪೆನ್ನು ತೆಗೆದೆ. ಹದಿನಾಲ್ಕು ದನಗಳ ಹೆಸರನ್ನೂ ಕೇಳಿದೆ. ಅಜ್ಜ ಬೆರಳು ಮಡಚುತ್ತಾ ಒಂದೊಂದಾಗಿ ಹೇಳಿದರು: ಕೌಲಿ, ಬೆಳ್ಳಿ, ಗುಜ್ಜಿ, ಚುಕ್ಕಿ, ಕೆಂಪಿ, ಮಲ್ಲಿ, ಹೀಗೆ. ಒಂಬತ್ತಕ್ಕೆ ನಿಂತರು. ಒಳಗಿಂದ ಅತ್ತೆ ಊಟಕ್ಕೆ ಕರೆದರು.

"ಉಂಡ್ಕಂಡು ಕೂರನ" ಅಂದರು ಅಜ್ಜ. "ಇನ್ನೈದು ನೆನಪಾಗ್ತವೆ."